ಡ್ರೈವರಣ್ಣನ ಎರಡು ಒರಳುಕಲ್ಲು

ಅವರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಹನ್ನೊಂದನೆಯ ದಿನದ ಕಾರ್ಯವೂ ಮುಗಿದುಹೋಗಿತ್ತು. ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಹಳೆಯ ಕೂಲಿಯಾಳೊಬ್ಬ ಸಿಕ್ಕಿ, ಬೀಡಿ ಹಚ್ಚುತ್ತಾ, "ಡ್ರೈವರಣ್ಣ ಓಗ್ಬುಟ್ರು ಕಣ್ರೀ ರೈಟ್ರೇ. ನಿಮ್ಗೆ ಯಾರೂ ಯೋಳ್ನಿಲ್ವಾ?" ಎಂದ. ಯಾರೂ ಹೇಳಿರಲಿಲ್ಲ. ಹೇಳಿ ಕಳಿಸಬೇಕಾದವರ ಪೈಕಿ ನಾನಿಲ್ಲ ಎಂದು ಅವರ ಮನೆಯವರು ಅಂದುಕೊಂಡಿದ್ದರೆ ಅವರನ್ನು ದೂರುವಂತಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಿಂದೊಮ್ಮೆ ಬರೆದಿದ್ದೇನೆ, ದುಂಡಗಿನ ಅಕ್ಷರದಲ್ಲಿ, ತಂದೆಯ ಹೆಸರು, ವಯಸ್ಸು, ವಾಸದ ಊರಿನ ಸಮೇತ, ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತು. ಆ ಹೆಸರನ್ನು ನನ್ನ ಕೈ ಬರೆದದ್ದು ಅಷ್ಟೇ ಸಾಕು. ಎಲ್ಲರೂ ಕರೆಯುತ್ತಿದ್ದ ಹಾಗೆ ನಾನೂ ಡ್ರೈವರಣ್ಣ ಎನ್ನುತ್ತೇನೆ.

ತೊಂಬತ್ತರ ದಶಕದ ಮಾತು. ನಾನು ಬಿ.ಎ. ಮುಗಿಸಿ, ಮೇಷ್ಟರ ಮಗನಾದರೂ ಮೇಷ್ಟರ ಕೆಲಸ ಸಿಗದೆ, ಮರ ಕಡಿಸುವ ಗುತ್ತಿಗೆದಾರರೊಬ್ಬರ ಬಳಿ ರೈಟರ್ ಆಗಿ ಸೇರಿಕೊಂಡಿದ್ದೆ. ಮರ ಎಣಿಸುವುದು, ಹಾಜರಿ ಬರೆಯುವುದು, ಅರಣ್ಯ ಇಲಾಖೆಯ ಪಾಸು ಹಿಡಿದುಕೊಂಡು ಲಾರಿಯ ಹಿಂದೆ ಮೊಪೆಡ್ಡಿನಲ್ಲಿ ಓಡುವುದು ನನ್ನ ಕೆಲಸ. ನಮ್ಮ ಯಜಮಾನರು ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿನಲ್ಲಿ ತೋಪು ಹಿಡಿಯುತ್ತಿದ್ದರು. ದೇವನೂರಿನ ಕಡೆ ರೈತರ ನೀಲಗಿರಿ, ತಲಕಾಡಿನ ಕಡೆ ಮರಳು ನೆಲದ ಸರ್ವೆ ಮರ, ನಡುವೆ ಎಲ್ಲಾದರೂ ರಸ್ತೆ ಅಗಲ ಮಾಡಿದರೆ ಅಲ್ಲಿನ ಸಾಲುಮರ.

ಎಲ್ಲಿಂದಲೋ ಅವರು ಹಳೆಯದೊಂದು ಯಂತ್ರ ಕೊಂಡು ತಂದರು. ಟ್ರ್ಯಾಕ್ಟರಿನ ಹಿಂಭಾಗಕ್ಕೆ ಕಚ್ಚಿಸುವ ಕಬ್ಬಿಣದ ದೊಡ್ಡ ಚೌಕಟ್ಟು. ಅದರೊಳಗೆ ಉಕ್ಕಿನ ಹಗ್ಗದಿಂದ ದಿಮ್ಮಿ ಎಳೆಯುವ ರಾಟೆ, ಅದರ ಹಿಂದಕ್ಕೆ ದಿಮ್ಮಿ ಸೀಳುವ ಗರಗಸದ ಮೇಜು. ತೋಪಿನಲ್ಲಿ ಕೆಲಸ ಮಾಡುವಾಗ ಅದರ ಕಾಲುಗಳನ್ನು ನೆಲಕ್ಕೆ ಊರುತ್ತಿದ್ದರು, ಆಗ ಏನೂ ತೊಂದರೆ ಇರಲಿಲ್ಲ. ತೊಂದರೆಯೆಲ್ಲ ಒಂದು ತೋಪಿನಿಂದ ಇನ್ನೊಂದು ತೋಪಿಗೆ ಸಾಗಿಸುವಾಗ. ಇಡೀ ಯಂತ್ರ ಟ್ರ್ಯಾಕ್ಟರಿನ ಬೆನ್ನ ಮೇಲೆ ಏರಿ ಕೂರುತ್ತಿತ್ತು. ಹಿಂದೆ ಭಾರ ಹೆಚ್ಚಾಗಿ, ಸ್ವಲ್ಪ ಏರು ಸಿಕ್ಕಿದರೆ ಮುಂದಿನ ಎರಡು ಚಕ್ರಗಳು ನೆಲ ಬಿಟ್ಟು ಏಳುತ್ತಿದ್ದವು. ಚಕ್ರ ನೆಲ ಬಿಟ್ಟ ಮೇಲೆ ಸ್ಟೇರಿಂಗ್ ಎಷ್ಟು ತಿರುಗಿಸಿದರೇನು ಬಂತು.

ಡ್ರೈವರಣ್ಣ ಯಂತ್ರಕ್ಕೆ ಅತ್ತೆಮ್ಮ ಎಂದು ಹೆಸರಿಟ್ಟಿದ್ದರು. ಟ್ರ್ಯಾಕ್ಟರು ಸೊಸೆ. "ಅತ್ತೆಮ್ಮ ಬೆನ್ ಮ್ಯಾಲೆ ಕುಂತ್ಲು ಅಂದ್ರೆ ಸೊಸೆ ಮೂತಿ ಮ್ಯಾಕೆ ಓಯ್ತದೆ ಸಾ. ಸೊಸೇನ ವಸಿ ತಗ್ಗುಸ್ಬೇಕು, ಅತ್ತೇನ ಇಳ್ಸಕ್ಕಾಗಲ್ವಲ್ಲ" ಎನ್ನುತ್ತಿದ್ದರು. ಹೇಳುವಾಗ ನಗುತ್ತಿರಲಿಲ್ಲ. ಅವರು ನಕ್ಕದ್ದನ್ನು ನಾನು ನೋಡಿದ್ದು ಎರಡೋ ಮೂರೋ ಸಲ.

ಆ ಮೂತಿ ತಗ್ಗಿಸಲು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಉಪಾಯ ಒಂದೇ. ಮುಂದಿನ ಬಂಪರಿನ ಮೇಲೆ ಇಬ್ಬರು ಆಳುಗಳನ್ನು ಕೂರಿಸುವುದು. ಕಬ್ಬಿನ ಗಾಡಿಯವರು ಕೂರಿಸುತ್ತಿದ್ದರು, ಇಟ್ಟಿಗೆಯವರು ಕೂರಿಸುತ್ತಿದ್ದರು. ಕೂತವರೂ ಖುಷಿಯಾಗಿಯೇ ಕೂರುತ್ತಿದ್ದರು, ಗಾಳಿಗೆ ಮುಖ ಕೊಟ್ಟುಕೊಂಡು, ಕಾಲು ಅಲ್ಲಾಡಿಸಿಕೊಂಡು. ಡ್ರೈವರಣ್ಣ ಒಬ್ಬರೇ ಅದನ್ನು ಮಾಡದವರು. ಅವರಿಗೆ ಎರಡು ಒರಳುಕಲ್ಲು ಇದ್ದವು.

ಆಗ ತಾನೇ ಮನೆಮನೆಗೂ ಮಿಕ್ಸಿ ಬಂದು, ಒರಳುಕಲ್ಲುಗಳು ಹಿತ್ತಿಲು ಸೇರುತ್ತಿದ್ದ ಕಾಲ. ಅವರು ನಂಜನಗೂಡಿನ ಬೀದಿಗಳಲ್ಲಿ ಕೇಳಿಕೊಂಡು ಅಲೆದರಂತೆ. ಹೆಂಗಸರಿಗೆ ಕೊಡಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ. ಕೊನೆಗೆ ಒಬ್ಬ ಮುದುಕಮ್ಮ ಕಲ್ಲಿಗೆ ಅರಿಶಿನ ಕುಂಕುಮ ಇಟ್ಟು, "ನಮ್ಮತ್ತೆ ಕಾಲದ್ದು, ಕಾಲು ಸೋಕಿಸಬೇಡಪ್ಪ" ಎಂದು ಹೇಳಿ ಕೊಟ್ಟರು. ಇನ್ನೊಂದು ಅವರದೇ ಮನೆಯದು. ಅವರ ಹೆಂಡತಿ ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ಮಿಕ್ಸಿ ಇರಲಿಲ್ಲ. ಒರಳನ್ನು ಗಂಡ ಹೊತ್ತುಕೊಂಡು ಹೋದ ಮೇಲೆ ಆಕೆ ಎಷ್ಟೋ ವರ್ಷ ಪಕ್ಕದ ಮನೆಯಲ್ಲಿ ಖಾರ ಅರೆದುಕೊಂಡು ಬರುತ್ತಿದ್ದರು ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಸಾಗಣೆಯ ದಿನ ಅವರು ಆ ಕಲ್ಲುಗಳನ್ನು ಬಂಪರಿಗೆ ಏರಿಸಿ, ಸರಪಳಿ ಬಿಗಿದು, ಅಂಗೈಯಿಂದ ಎರಡು ಸಲ ತಟ್ಟುತ್ತಿದ್ದರು. ಆಳುಗಳು ರೇಗಿಸದೆ ಬಿಡುತ್ತಿರಲಿಲ್ಲ. "ಡ್ರೈವರಣ್ಣ, ನರಸೀಪುರ್ದಲ್ಲಿ ಇಡ್ಲಿ ಓಟ್ಲು ಮಡುಗ್ತೀಯಾ?" ಎಂದು ಕೇಳಿದರೆ, "ಬಾರ್ಲಾ, ಮೊದ್ಲು ನಿನ್ನೇ ರುಬ್ತೀನಿ" ಎನ್ನುತ್ತಿದ್ದರು. ನಾನೂ ಒಮ್ಮೆ, ಇಷ್ಟೆಲ್ಲ ಒದ್ದಾಡುವ ಬದಲು ಇಬ್ಬರನ್ನು ಕೂರಿಸಬಾರದೇ ಎಂದು ಕೇಳಿದ್ದೆ.

"ಕಲ್ಲಿಗೆ ಸರಪಳಿ ಆಕ್ಬೋದು ಸಾ. ಮನುಷ್ಯಂಗೆ ಆಕಕ್ಕಾದದಾ?" ಎಂದರು. "ಎಲ್ಲಿ ತೂಕ ಬೇಕೋ ಎತ್ತಾಕೋದೂ ಅಲ್ಲೇಯ" ಎಂದು ಸೇರಿಸಿದರು. ಏರು ಬಂದಾಗ, ಉಬ್ಬು ಬಂದಾಗ ಮುಂದೆ ತೂಕ ಬೇಕು. ಕೂತವನನ್ನು ಗಾಡಿ ಎತ್ತಿ ಎಸೆಯುವುದೂ ಅದೇ ಜಾಗದಲ್ಲಿ. ಅಷ್ಟು ಸರಳವಾದ ವಿಷಯ ನನ್ನ ಬಿ.ಎ. ತಲೆಗೆ ಆಗ ಒಂದು ಒಳ್ಳೆಯ ಮಾತಾಗಿ ಕೇಳಿಸಿತೇ ಹೊರತು ಎಚ್ಚರಿಕೆಯಾಗಿ ಅಲ್ಲ.

ಸಾಗಣೆಗೆ ಮುಂಚಿನ ದಿನ ಅವರು ಸೈಕಲ್ಲಿನಲ್ಲಿ ಇಡೀ ದಾರಿಯನ್ನು ನೋಡಿಕೊಂಡು ಬರುತ್ತಿದ್ದರು. ನಾಲೆಯ ಸೇತುವೆಗಳನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದರು. ಅಡ್ಡಲಾಗಿ ಇಳಿಬಿದ್ದ ಕರೆಂಟು ತಂತಿ ಎಲ್ಲಿದೆ, ಯಾವ ಊರಿನಲ್ಲಿ ರಾಗಿ ತೆನೆಯನ್ನು ರಸ್ತೆಗೆ ಹರಡಿದ್ದಾರೆ, ಎಲ್ಲ ಅವರಿಗೆ ಗೊತ್ತಿರಬೇಕು. ಎದುರಿಗೆ ಎತ್ತಿನ ಗಾಡಿ ಬಂದರೆ ಬದಿಗೆ ನಿಲ್ಲಿಸಿ ಎಂಜಿನ್ನೇ ಆರಿಸಿಬಿಡುತ್ತಿದ್ದರು. ಹಾರನ್ ಅವರಿಗೆ ಆಗದು. ಹಿಂದಿನಿಂದ ಯಾರಾದರೂ ಹಾರನ್ ಹೊಡೆದರೆ ಕಿವಿಯ ಹತ್ತಿರ ಕೈ ಬೀಸಿ, ನೊಣ ಓಡಿಸುವವರ ಹಾಗೆ ಮುಖ ಮಾಡುತ್ತಿದ್ದರು.

ಅವರನ್ನು ದೇವರ ಸಮಾನ ಮಾಡಿ ಕೂರಿಸುವ ಆಸೆ ನನಗಿಲ್ಲ. ಮಹಾ ಹಟಮಾರಿ. ಸಿಟ್ಟು ಬಂದರೆ ಎರಡೆರಡು ದಿನ ಮಾತಿಲ್ಲ. ನಶ್ಯ ಏರಿಸಿ ಮೂಗೊರೆಸಿಕೊಳ್ಳುವ ಕರ್ಚೀಫನ್ನು ಟ್ರ್ಯಾಕ್ಟರಿನ ಸ್ಟೇರಿಂಗಿಗೇ ಕಟ್ಟಿರುತ್ತಿದ್ದರು, ನೋಡಿದರೆ ಊಟ ಸೇರುತ್ತಿರಲಿಲ್ಲ. ಹೆಂಡತಿ ತೆಗೆದ ನೂಲಿನದು ಎಂದು ಹೇಳಿಕೊಂಡು ದಪ್ಪ ಖಾದಿ ಅಂಗಿ ತೊಡುತ್ತಿದ್ದರು. ಅದು ಆಕೆ ತೆಗೆದ ನೂಲೇ ಎಂದು ಹೇಗೆ ಗೊತ್ತು ಎಂದು ನಾನು ತಮಾಷೆ ಮಾಡಿದ್ದಕ್ಕೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು. ಆದರೂ ನನಗಿಂತ ಹದಿನೈದು ವರ್ಷ ದೊಡ್ಡವರಾಗಿದ್ದು ನನ್ನನ್ನು ಸಾ ಎನ್ನುತ್ತಿದ್ದರು, ನಾನೂ ಅವರಿಗೆ ಬಹುವಚನ ತಪ್ಪಿಸುತ್ತಿರಲಿಲ್ಲ.

ಅಂದಿನ ದಿನದ ಬಗ್ಗೆ ಹೇಳಿಬಿಡುತ್ತೇನೆ. ಎಷ್ಟು ಸುತ್ತಿದರೂ ಅಲ್ಲಿಗೇ ಬರಬೇಕು.

ದೇವನೂರಿನ ಆಚೆಯ ಒಂದು ನೀಲಗಿರಿ ತೋಪಿನ ಕೆಲಸ ಮುಗಿದಿತ್ತು. ಮುಂದಿನ ಕೆಲಸ ತಲಕಾಡಿನ ಕಡೆಯ ಸರ್ವೆ ತೋಪಿನಲ್ಲಿ. ಹಿಂದಿನ ಸಂಜೆ ಡ್ರೈವರಣ್ಣ ದಾರಿ ನೋಡಲು ಸೈಕಲ್ಲಿನಲ್ಲಿ ಹೋಗಿದ್ದಾಗ ಲಾರಿ ಬಂತು. ಆಳುಗಳ ಪಾತ್ರೆ, ಗುಡಾರದ ಟಾರ್ಪಾಲು, ಉಕ್ಕಿನ ಹಗ್ಗದ ಸುರುಳಿ, ಖಾಲಿ ಚೀಲ, ಎಲ್ಲವನ್ನೂ ನಾನೇ ನಿಂತು ಹೇರಿಸಿದೆ. ಮರದ ಬುಡದಲ್ಲಿ ಒರಳುಕಲ್ಲುಗಳು ಕಂಡವು. ಭಾರವಾದ ಸಾಮಾನು ಲಾರಿಯಲ್ಲಿ ಹೋಗಲಿ ಎಂದು ಅವನ್ನೂ ಹೇರಿಸಿದೆ. ಆ ಕಲ್ಲುಗಳು ಸಾಮಾನಲ್ಲ, ಅವು ಟ್ರ್ಯಾಕ್ಟರಿನ ಒಂದು ಭಾಗ ಎನ್ನುವುದು ನಾಲ್ಕು ವರ್ಷದಿಂದ ನೋಡುತ್ತಿದ್ದ ನನಗೆ ಆ ಹೊತ್ತಿನಲ್ಲಿ ಹೊಳೆಯಲೇ ಇಲ್ಲ. ಲಾರಿ ಅಂದೇ ತಲಕಾಡಿಗೆ ಹೋಯಿತು.

ಬೆಳಿಗ್ಗೆ ಡ್ರೈವರಣ್ಣ ಯಂತ್ರ ಕಚ್ಚಿಸಿ, ಕಲ್ಲು ಹುಡುಕಿದರು.

"ಕಲ್ಲೆಲ್ಲಿ ಸಾ?"

ಹೇಳಿದೆ. ಅವರು ಬೈಯಲಿಲ್ಲ. ಟ್ರ್ಯಾಕ್ಟರಿನಿಂದ ಕೀ ತೆಗೆದು ಜೇಬಿಗೆ ಹಾಕಿಕೊಂಡು, ಮರದ ನೆರಳಲ್ಲಿ ಕೂತರು. "ಸರಿ ಬುಡಿ. ಲಾರಿ ವಾಪಸ್ ಬರ್ಲಿ, ನಾಳೀಕ್ ಓಗ್ಮ. ಇಲ್ದಿದ್ರೆ ಅಳ್ಳಿಗೋಗಿ ಗೋಣಿಚೀಲ ತನ್ನಿ, ಮಣ್ ತುಂಬ್ಕಳಮ" ಎಂದರು.

ಚೀಲ ತಂದು ಮಣ್ಣು ತುಂಬಿಸಿ ಕಟ್ಟಲು ಎರಡು ಗಂಟೆ ಹಿಡಿಯುತ್ತಿತ್ತು. ಎರಡೇ ಗಂಟೆ. ಆದರೆ ಮಧ್ಯಾಹ್ನ ಹೊಸ ತೋಪಿನಲ್ಲಿ ಯಜಮಾನರು ಪೂಜೆ ಇಟ್ಟುಕೊಂಡಿದ್ದರು. ಮಚ್ಚು, ಗರಗಸಗಳಿಗೆ ಪೂಜೆ ಮಾಡಿ ಕಾಯಿ ಒಡೆಯದೆ ಅವರು ಮೊದಲ ಮರ ಬೀಳಿಸುತ್ತಿರಲಿಲ್ಲ. ಯಂತ್ರ ಆ ಹೊತ್ತಿಗೆ ಬರದಿದ್ದರೆ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ಕಲ್ಲು ಲಾರಿಗೆ ಹಾಕಿದ ನನ್ನ ಬುದ್ಧಿವಂತಿಕೆ ಹತ್ತು ಜನರ ಎದುರು ಹೊರಬೀಳುತ್ತದೆ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಏನಾದರೂ ಇತ್ತೇ ಎಂದು ಇಷ್ಟು ವರ್ಷ ಹುಡುಕಿದ್ದೇನೆ, ಇರಲಿಲ್ಲ.

"ಇಬ್ಬರನ್ನ ಮುಂದೆ ಕೂರಿಸಿಕೊಂಡು ಹೋಗಿ" ಎಂದೆ.

"ನಾನ್ ಕೂರ್ಸಲ್ಲ ಸಾ, ನಿಮ್ಗೆ ಗೊತ್ತಲ್ಲ."

"ಊರೆಲ್ಲ ಕೂರಿಸುತ್ತೆ. ನಿಮಗೊಬ್ಬರಿಗೇ ಏನು?"

ಆಳುಗಳು ನಮ್ಮಿಬ್ಬರನ್ನೇ ನೋಡುತ್ತಿದ್ದರು. ಆ ನೋಟಕ್ಕೆ ನನಗೆ ಸಿಟ್ಟು ಏರಿಹೋಯಿತು. ಕೈ ಚಾಚಿ, "ಕೀ ಕೊಡು. ನಿನ್ನ ಕೈಲಿ ಆಗಲ್ಲ ಅಂದ್ರೆ ಬೇರೆ ಡ್ರೈವರ್‌ನ ಕರೆಸ್ತೀನಿ" ಎಂದೆ. ನಾಲ್ಕು ವರ್ಷದಲ್ಲಿ ಅವರನ್ನು ನಾನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಡ್ರೈವರಣ್ಣ ನನ್ನ ಕೈಯನ್ನು ನೋಡಿದರು. ಆಮೇಲೆ ಎದ್ದು, ಪಂಚೆ ಕೊಡವಿಕೊಂಡು, "ಬ್ಯಾರೆಯವ್ನು ಬಂದ್ರೆ ಕೂರ್ಸ್ಕೊಂಡ್ ಓಡುಸ್ತಾನೆ ಸಾ. ನಾನಾದ್ರೆ ನಡುಸ್ತೀನಿ" ಎಂದು ಸೀಟು ಹತ್ತಿದರು.

ಮುಂದೆ ಕೂತ ಇಬ್ಬರಲ್ಲಿ ಒಬ್ಬ ನಿಂಗರಾಜು. ಅದೇ ಸುತ್ತಿನ ಹಳ್ಳಿಯವನು, ಮೂವತ್ತರ ಹತ್ತಿರದ ಆಳು, ಕೊಡಲಿ ಬೀಸುವುದರಲ್ಲಿ ಅವನ ಸಮ ಇನ್ನೊಬ್ಬನಿರಲಿಲ್ಲ. ಬಂಪರಿನ ಮೇಲೆ ಕೂತು, "ಇವತ್ತು ನಾವೇ ಒರಳುಕಲ್ಲು ಕಣ್ರಲಾ" ಎಂದು ಎಲ್ಲರನ್ನೂ ನಗಿಸಿದ. ಡ್ರೈವರಣ್ಣ ಕಂಬಿಯನ್ನು ಎಲ್ಲಿ ಹಿಡಿಯಬೇಕು, ಕಾಲನ್ನು ಎಲ್ಲಿ ಊರಬೇಕು ಎಂದು ಇಬ್ಬರಿಗೂ ತೋರಿಸಿದರು. ಎರಡೆರಡು ಸಲ ತೋರಿಸಿದರು.

ನಿಜಕ್ಕೂ ನಡೆಸಿದರು. ನಾನು ಮೊಪೆಡ್ಡಿನಲ್ಲಿ ಹಿಂದಿದ್ದೆ. ಅಷ್ಟು ನಿಧಾನಕ್ಕೆ ಮೊಪೆಡ್ಡು ನೆಟ್ಟಗೆ ನಿಲ್ಲುತ್ತಲೇ ಇರಲಿಲ್ಲ, ಕಾಲು ಊರಿಕೊಂಡು ಹೋಗಬೇಕಾಗಿತ್ತು. ನಾಲೆಯ ಸೇತುವೆ ಬಂತು. ಎತ್ತರದ ಸೇತುವೆ, ಎರಡೂ ಕಡೆ ಏರು, ನಡುವೆ ಉಬ್ಬು. ಏರಿನ ಬುಡದಲ್ಲಿ ಡ್ರೈವರಣ್ಣ ಗಾಡಿ ನಿಲ್ಲಿಸಿ, ಇಳಿದು, ಸೇತುವೆಯ ಮೇಲೆ ಒಂದು ಸಲ ನಡೆದು ಬಂದರು. ನಿಂತು ಯೋಚಿಸುತ್ತಿದ್ದರು. ಅವರು ಇನ್ನೇನು ಹೇಳುತ್ತಿದ್ದರೋ, ಇಬ್ಬರನ್ನು ಇಳಿಸಿ ಅಲ್ಲೇ ಮಣ್ಣು ತುಂಬೋಣ ಎನ್ನುತ್ತಿದ್ದರೋ, ನನಗೆ ಗೊತ್ತಿಲ್ಲ. ನಾನು ಹಾರನ್ ಹೊಡೆದೆ. ಎರಡು ಸಲ.

ಅವರು ಕಿವಿಯ ಹತ್ತಿರ ಕೈ ಬೀಸಲಿಲ್ಲ. ಸುಮ್ಮನೆ ಹೋಗಿ ಗಾಡಿ ಹತ್ತಿದರು.

ಏರಿನಲ್ಲಿ ಮುಂದಿನ ಚಕ್ರ ಒಂದು ಗೇಣು ಎದ್ದಿತು. ಉಬ್ಬು ದಾಟುತ್ತಲೇ ದಡ್ ಎಂದು ಕೆಳಗೆ ಕೂತಿತು. ಒಬ್ಬ ಎಡಕ್ಕೆ ಹಾರಿಕೊಂಡ. ನಿಂಗರಾಜು ಮುಂದಕ್ಕೆ ಬಿದ್ದ. ಡ್ರೈವರಣ್ಣ ಬ್ರೇಕಿನ ಮೇಲೆ ನಿಂತೇಬಿಟ್ಟರು. ಹಿಂದಿನ ಭಾರ ಇಳಿಜಾರಿನಲ್ಲಿ ತಳ್ಳಿತು. ಚಕ್ರ ಅವನ ಎಡಗಾಲಿನ ಮೇಲೆ ಹತ್ತಿ ನಿಂತಿತು.

ನಂಜನಗೂಡಿನ ಆಸ್ಪತ್ರೆ, ಅಲ್ಲಿಂದ ಮೈಸೂರು. ದಾರಿಯುದ್ದಕ್ಕೂ ನಿಂಗರಾಜುವಿನ ತಲೆ ಡ್ರೈವರಣ್ಣನ ತೊಡೆಯ ಮೇಲಿತ್ತು. ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಕೊಡಲಿ ಬೀಸುವವನು ಎರಡು ಕಾಲೂರಿ ನಿಲ್ಲಬೇಕು. ಆ ಕೆಲಸ ಅವನಿಗೆ ಅಲ್ಲಿಗೆ ಮುಗಿಯಿತು.

ದೂರು ಬರೆದುಕೊಡಬೇಕಾಗಿತ್ತು. ಗುತ್ತಿಗೆಯ ಕಡೆಯಿಂದ ಬರೆಯಬೇಕಾದವನು ನಾನೇ. ಠಾಣೆಯ ಬೆಂಚಿನ ಮೇಲೆ ನಾನು ಕಾಗದ ಹಿಡಿದು ಕೂತಿದ್ದೆ, ಪಕ್ಕದಲ್ಲಿ ಡ್ರೈವರಣ್ಣ. ಖಾದಿ ಅಂಗಿಯ ಮೇಲಿನ ರಕ್ತ ಒಣಗಿ ಗಟ್ಟಿಯಾಗಿತ್ತು. ಆಳುಗಳನ್ನು ಮುಂದೆ ಕೂರಿಸಿದ್ದು ಯಾರು ಎಂದು ಪೊಲೀಸರು ಕೇಳಿದರು. ನಾನು ಕಾಗದವನ್ನು ನೋಡಿದೆ. ಡ್ರೈವರಣ್ಣ ಎದ್ದು ನಿಂತು, "ನಾನೇ ಸಾ" ಎಂದರು.

ನಾನು ಬರೆದೆ. ಚಾಲಕನು ತನ್ನ ಸ್ವಂತ ಇಚ್ಛೆಯಿಂದ ಇಬ್ಬರನ್ನು ವಾಹನದ ಮುಂಭಾಗದಲ್ಲಿ ಕೂರಿಸಿಕೊಂಡು, ಎಂದು ಬರೆದೆ. ಸ್ವಂತ ಇಚ್ಛೆಯಿಂದ ಎಂದು ಬರೆಯಿರಿ ಎಂದು ಯಾರೂ ಹೇಳಿರಲಿಲ್ಲ. ವಾಕ್ಯ ಚೆನ್ನಾಗಿ ಬರಲೆಂದು ನಾನೇ ಸೇರಿಸಿದೆ. ಪೆನ್ನು ಒಮ್ಮೆಯೂ ತಡವರಿಸಲಿಲ್ಲ.

ಕೇಸು ವರ್ಷಗಟ್ಟಲೆ ನಡೆಯಿತು. ಲೈಸೆನ್ಸು ಹೋಯಿತು, ಕೆಲಸವಂತೂ ಮೊದಲೇ ಹೋಗಿತ್ತು. ಪ್ರತಿ ವಾಯಿದೆಗೂ ಅವರು ಅದೇ ದಪ್ಪ ಅಂಗಿ ಒಗೆದು ತೊಟ್ಟುಕೊಂಡು ಕೋರ್ಟಿಗೆ ಬರುತ್ತಿದ್ದರು. ಸಾಕ್ಷಿಗೆಂದು ನಾನೂ ಹೋಗುತ್ತಿದ್ದೆ. ಒಮ್ಮೆ ಹೊರಗಿನ ಬೇವಿನ ಮರದ ಕೆಳಗೆ ನಾವಿಬ್ಬರೇ ಸಿಕ್ಕೆವು. ತಡೆಯಲಾರದೆ ಕೇಳಿಬಿಟ್ಟೆ.

"ಡ್ರೈವರಣ್ಣ, ಅವತ್ತು ನೀವೇ ಅಂತ ಯಾಕೆ ಹೇಳಿದಿರಿ?"

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಮತ್ತಿನ್ಯಾರು ಸಾ? ಕ್ಲಚ್ಚು ಬುಟ್ಟಿದ್ದು ನನ್ ಕಾಲು."

"ಆದ್ರೆ ಕೂರಿಸಿ ಅಂದಿದ್ದು ನಾನು."

"ಅನ್ನೋರು ನೂರು ಜನ ಅಂತಾರೆ. ಕೇಳಿದ್ದು ನಾನಲ್ವಾ? ಇಪ್ಪತ್ ವರ್ಸ ಕೂರುಸ್ದೆ ಇದ್ದೋನು ಅವತ್ತು ಕೂರುಸ್ದೆ. ಅದ್ ನಂದು" ಎಂದು ನಶ್ಯದ ಡಬ್ಬಿ ತೆಗೆದರು.

ನನಗೆ ಎಷ್ಟು ಹಗುರವಾಯಿತು ಎಂದರೆ, ಅಂದು ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿದೆ. ಅವರು ನನ್ನನ್ನು ಕ್ಷಮಿಸಿದ್ದಾರೆ ಎಂದುಕೊಂಡೆ. ಕೆಲವು ತಿಂಗಳು ಕಳೆದ ಮೇಲೆ, ಶಿಕ್ಷೆಯಾಗಿ ಅವರು ಜೈಲಿನಲ್ಲಿದ್ದಾಗ, ಒಂದು ದಿನ ಅನ್ನದ ಮುಂದೆ ಕೂತಿರುವಾಗಲೇ ತಿಳಿಯಿತು. ಕ್ಷಮಿಸುವ ಮಾತೇ ಅಲ್ಲಿ ಇರಲಿಲ್ಲ. ಅವರ ಲೆಕ್ಕದಲ್ಲಿ ಆ ತಪ್ಪಿನೊಳಗೆ ನನಗೆ ಜಾಗವೇ ಇರಲಿಲ್ಲ. ಪೂರ್ತಿ ತಪ್ಪನ್ನು ಒಬ್ಬರೇ ಹೊತ್ತುಕೊಂಡು ಹೋಗಿದ್ದರು. ನನಗೆ ಅವರ ಮೇಲೆ ಸಿಟ್ಟೂ ಬಂತು. ಒಂದು ಸಲ ಬೈದಿದ್ದರೆ, ಎಲ್ಲರೆದುರು ನನ್ನತ್ತ ಬೆರಳು ತೋರಿಸಿದ್ದರೆ, ನಾನು ಅಂದೇ ಒಪ್ಪಿಕೊಳ್ಳುತ್ತಿದ್ದೆನೇನೋ. ಹೀಗೂ ನನಗೆ ನಾನೇ ಹೇಳಿಕೊಂಡಿದ್ದೇನೆ.

ನಾನು ಆ ಕೆಲಸ ಬಿಟ್ಟು ಮೈಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಗುಮಾಸ್ತನಾದೆ. ನನ್ನ ಅಕ್ಕನ ಮನೆ ನರಸೀಪುರದಲ್ಲಿ, ಅಪ್ಪ ಅಮ್ಮ ನಂಜನಗೂಡಿನಲ್ಲಿ. ಹಾಗಾಗಿ ಆ ರಸ್ತೆ ತಪ್ಪಲಿಲ್ಲ. ದಾರಿಯಲ್ಲಿ ಒಂದು ಹಳ್ಳಿಯ ಗೇಟಿನ ಬಳಿ, ಬಸ್ಸು ನಿಲ್ಲುವ ಜಾಗದಲ್ಲಿ, ನಿಂಗರಾಜು ಒಂದು ಇಡ್ಲಿ, ಟೀ ಅಂಗಡಿ ಇಟ್ಟಿದ್ದ. ತಡಿಕೆಯ ಗೋಡೆ, ಮೇಲೆ ತಗಡು. ಡ್ರೈವರಣ್ಣ ಜೈಲಿನಿಂದ ಬಂದವರು ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಆ ಅಂಗಡಿಯ ಪಕ್ಕದಲ್ಲೇ ಸೈಕಲ್ ರಿಪೇರಿಗೆ ಕೂತರು. ದಿನಾ ಬೆಳಿಗ್ಗೆ ನಿಂಗರಾಜುವಿನ ಮನೆಗೆ ಹೋಗಿ, ಅವನನ್ನು ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಅಂಗಡಿಗೆ ಕರೆತರುವುದು, ಸಂಜೆ ಮತ್ತೆ ಮನೆಗೆ ಬಿಡುವುದು. ಒಂದು ದಿನವೂ ತಪ್ಪಿಸಲಿಲ್ಲವಂತೆ. ತಲಕಾಡಿನಿಂದ ಆ ಎರಡು ಒರಳುಕಲ್ಲುಗಳನ್ನು ಯಾರದೋ ಗಾಡಿಯಲ್ಲಿ ತರಿಸಿದ್ದರು. ಒಂದರಲ್ಲಿ ನಿಂಗರಾಜುವಿನ ಹೆಂಡತಿ ಇಡ್ಲಿಹಿಟ್ಟು ರುಬ್ಬುತ್ತಿದ್ದಳು. ಇನ್ನೊಂದು ಮಗುಚಿಕೊಂಡು ಅಂಗಡಿಯ ಮುಂದೆ ಬಿದ್ದಿರುತ್ತಿತ್ತು, ಬಂದವರು ಅದರ ಮೇಲೆ ಕೂರುತ್ತಿದ್ದರು.

ಇದೆಲ್ಲ ನನಗೆ ಗೊತ್ತಿದ್ದದ್ದು ಅವರಿವರ ಬಾಯಿಂದ. ನಾನು ಅಲ್ಲಿ ಇಳಿಯಲಿಲ್ಲ. ಬಸ್ ಹತ್ತುವಾಗಲೇ ಅಂಗಡಿ ಯಾವ ಬದಿಗೆ ಬರುತ್ತದೆ ಎಂದು ನೋಡಿ, ಇನ್ನೊಂದು ಬದಿಯ ಸೀಟು ಹಿಡಿಯುತ್ತಿದ್ದೆ. ನಂಜನಗೂಡಿನಿಂದ ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ. ಸೀಟಿಲ್ಲದಿದ್ದರೆ ನಿಂತುಕೊಂಡು ಟಿಕೆಟ್ಟು ಓದುತ್ತಿದ್ದೆ. ಹತ್ತು ಹನ್ನೆರಡು ವರ್ಷ ಹೀಗೆ ಮಾಡಿದವನನ್ನು ಕಂಡಕ್ಟರುಗಳು ಏನೆಂದುಕೊಂಡರೋ.

ಸುದ್ದಿ ಕೇಳಿದ ದಿನ ಮಾತ್ರ ಬಸ್ಸಿನಲ್ಲಿ ಅಂಗಡಿ ಕಾಣುವ ಬಲಗಡೆ ಕೂತೆ. ಗೇಟು ಬಂದಾಗ ಇಳಿದೆ.

ಮಧ್ಯಾಹ್ನ ಇಳಿದ ಹೊತ್ತು. ನಿಂಗರಾಜು ತಲೆ ನರೆತು ಕೂತಿದ್ದ, ಊರುಗೋಲು ತಡಿಕೆಗೆ ಒರಗಿಸಿಕೊಂಡು. ನನ್ನನ್ನು ನೋಡಿದ ತಕ್ಷಣ ಗುರುತು ಹಿಡಿದ. "ಬನ್ನಿ ಸಾ" ಎಂದ, ನಿನ್ನೆ ತಾನೇ ಬಂದುಹೋದವನನ್ನು ಕರೆಯುವ ಹಾಗೆ. ಟೀ ಕೊಟ್ಟ. ಗೋಡೆಗೆ ಒರಗಿಸಿದ್ದ ಸೈಕಲ್ಲು ಕಂಡಿತು. ಅದರ ಹ್ಯಾಂಡಲ್ಲಿಗೆ ಆ ನಶ್ಯದ ಕರ್ಚೀಫು ಇನ್ನೂ ಕಟ್ಟಿಯೇ ಇತ್ತು.

"ಅವತ್ತೂ ಬಂದ್ರು ಸಾ. ನನ್ನ ಇಳುಸ್ದ್ರು. ಸೈಕಲ್ ಒರಗ್ಸಿ, ಅಗೋ ಆ ಕಲ್ ಮ್ಯಾಲೆ ಕುಂತ್ರು. ಬೆವರ್ತಾ ಅದೆ ಕಣ್ಲಾ, ನೀರ್ ಕೊಡು ಅಂದ್ರು. ನಾನ್ ಕೋಲ್ ಊರ್ಕಂಡು ನೀರ್ ತರಾಗಂಟ ಇರ್ನಿಲ್ಲ" ಎಂದ. ಆಮೇಲೆ ಒಲೆಯ ಕಡೆ ತಿರುಗಿ ಏನೂ ಇಲ್ಲದ ಬಾಣಲಿಯನ್ನು ಒರೆಸಿದ.

ನಾನು ಆ ಕಲ್ಲಿನ ಮೇಲೆಯೇ ಕೂತಿದ್ದೆ. ಎದ್ದು ನಿಂತೆ.

"ನಿಂಗರಾಜು, ನಿನಗೆ ಒಂದು ವಿಷಯ ಹೇಳಬೇಕು" ಎಂದೆ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ಅವತ್ತು ನಿನ್ನನ್ನ ಮುಂದೆ ಕೂರಿಸಿದ್ದು ಅವರಲ್ಲ. ನಾನು. ಕಲ್ಲನ್ನ ಲಾರಿಗೆ ಹಾಕಿಸಿದ್ದೂ ನಾನೇ. ಸೇತುವೆ ಹತ್ರ ಹಾರನ್ ಹೊಡೆದದ್ದೂ ನಾನೇ."

ಅವನು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ.

"ಗೊತ್ತು ಸಾ. ನಾನ್ ಅಲ್ಲೇ ಇದ್ನಲ್ಲ. ಕೀ ಕೊಡು ಅಂದ್ರಲ್ಲ, ಅದೂ ಕೇಳುಸ್ತು."

"ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ?"

"ಅವ್ರು ಯೋಳ್ಬ್ಯಾಡ ಅಂದ್ರು. ತಪ್ಪು ನಂದು, ಅವ್ರುನ್ಯಾಕ್ ಎಳೀತೀಯ ಅಂದ್ರು." ನಿಂಗರಾಜು ಮೊದಲ ಬಾರಿಗೆ ನನ್ನ ಮುಖವನ್ನು ನೇರವಾಗಿ ನೋಡಿದ. "ನೀವ್ ಬಂದು ಒಂದ್ ಮಾತ್ ಯೋಳ್ತೀರಿ ಅಂತ ಅವ್ರು ಯಾವತ್ತೂ ಕಾಯ್ನಿಲ್ಲ ಸಾ. ನಾನ್ ಕಾದೆ. ಬಸ್ ನಿಂತಾಗೆಲ್ಲ ನೋಡ್ತಿದ್ದೆ. ನೀವ್ ಆಕಡೆ ಕಿಟಕೀಲಿ ಇರ್ತಿದ್ರಿ."

ಟೀ ಆರಿಹೋಯಿತು. ಒಂದಿಬ್ಬರು ಗಿರಾಕಿ ಬಂದು ಹೋದರು, ಅವನು ಅವರೊಡನೆ ಎಂದಿನಂತೆ ಮಾತಾಡಿದ. ನನ್ನ ಬಸ್ಸೂ ಬಂತು, ಹೋಯಿತು. ಹೊತ್ತು ಇಳಿಯುವಾಗ ಅವನು ಒಲೆ ಆರಿಸಿ, ಬೆಂಚು ಒಳಗಿಟ್ಟು, ಊರುಗೋಲು ತೆಗೆದುಕೊಂಡ. ಅವರು ಹೋದಾಗಿನಿಂದ ಮನೆಯವರೆಗೂ ಕೋಲೂರಿಕೊಂಡೇ ನಡೆಯುತ್ತಿದ್ದೇನೆ ಎಂದ. ನಾನು ಸೈಕಲ್ಲಿನ ಕಡೆ ನೋಡಿದೆ. ಅವನೂ ನೋಡಿದ.

"ಬತ್ತದಾ ಸಾ ನಿಮ್ಗೆ?"

ಸೈಕಲ್ ತುಳಿದು ಎಷ್ಟೋ ವರ್ಷವಾಗಿತ್ತು. ಅವನು ಹಿಂದೆ ಕೂತು, ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ಮೊದಲ ಹತ್ತು ಮಾರು ಅತ್ತಿತ್ತ ಓಲಾಡಿದೆ. ನಿಧಾನ, ನಿಧಾನ ಎನ್ನುತ್ತಿದ್ದ. ಮಣ್ಣಿನ ದಾರಿಯಲ್ಲಿ ಅರ್ಧ ಮೈಲಿ ಹೋದ ಮೇಲೆ ಎದುರಿಗೆ ಏರು ಕಂಡಿತು. ಅದೇ ನಾಲೆ, ಅದೇ ಸೇತುವೆ. ಅವನ ಮನೆ ಅದರ ಆಚೆಗಿದೆ ಎನ್ನುವುದು ನನ್ನ ತಲೆಗೆ ಬಂದೇ ಇರಲಿಲ್ಲ. ಡ್ರೈವರಣ್ಣ ದಿನಕ್ಕೆ ಎರಡು ಸಲ, ಇಷ್ಟು ವರ್ಷ, ಅವನನ್ನು ಕೂರಿಸಿಕೊಂಡು ಅದನ್ನೇ ದಾಟುತ್ತಿದ್ದರು.

ಏರಿನ ಬುಡದಲ್ಲಿ ನನ್ನ ಕಾಲು ತಾನಾಗಿ ನಿಂತಿತು. ಇಳಿದೆ. ಅವನು ಇಳಿಯಲು ಹೋದ, ಬೇಡ ಕೂತಿರು ಎಂದೆ. ಹ್ಯಾಂಡಲ್ಲನ್ನು ಎರಡೂ ಕೈಯಿಂದ ಹಿಡಿದು, ಸೈಕಲ್ಲನ್ನು ತಳ್ಳುತ್ತಾ ಮೇಲೆ ಹತ್ತಿದೆ. ಕೆಳಗೆ ನೀರು ತುಂಬಿ ಹರಿಯುತ್ತಿತ್ತು. ಉಬ್ಬಿನ ಮೇಲೆ ಬಂದಾಗ ನನಗೆ ಏದುಸಿರು ಬಂದು ನಿಂತೆ. ಹಿಂದೆ ಯಾರೂ ಹಾರನ್ ಹೊಡೆಯಲಿಲ್ಲ.

"ಅವ್ರೂ ಇಲ್ಲಿ ಇಳ್ದೇ ತಳ್ಳೋರ್ ಸಾ" ಎಂದ ನಿಂಗರಾಜು.

ಅವನನ್ನು ಮನೆಯ ಜಗಲಿಯ ಮೇಲೆ ಇಳಿಸಿ, ಸೈಕಲ್ಲನ್ನು ಗೋಡೆಗೆ ಒರಗಿಸಿ, ಹೊರಟೆ. ನಾಳೆ ಬೆಳಿಗ್ಗೆ ಯಾರು ಬರುತ್ತಾರೆ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.